ಬಾಲ್ಕನಿಯ ಎರಡನೆಯ ಪ್ರೇಕ್ಷಕ

"ಗಂಡನ್ನ ಆಕಿ ಕೊಂದಿಲ್ಲ ಬಿಡ್ರಿ ಸರ. ಕೊಲ್ಲಾಕಿ ಇದ್ರ ಅಂವನ ಅಂಗಿಗೆ ಅಷ್ಟ್ ಬಿಗಿಯಾಗಿ ಗುಂಡಿ ಹಚ್ಚತಿದ್ಲೇನು?"

ಗದಗಿನ ಚಿತ್ರಮಂದಿರದಲ್ಲಿ ಹಾಲಿವುಡ್ ಥ್ರಿಲ್ಲರ್ ಒಂದರ ಮಧ್ಯಂತರ. ಬಾಲ್ಕನಿಯಲ್ಲಿ ನಾವಿಬ್ಬರೇ ಇದ್ದೆವು. ಹಿಂದಿನ ಸಾಲಿನಿಂದ ಹೀಗೆಂದವರು ವಯಸ್ಸಾದ ಒಬ್ಬರು. ಲಕ್ಷ್ಮೇಶ್ವರದಲ್ಲಿ ದರ್ಜಿಯಂತೆ, ಇಂಗ್ಲಿಷ್ ಬಾರದಂತೆ. ಇಂಗ್ಲಿಷ್‌ನಲ್ಲಿ ಎಂ.ಎ. ಮಾಡಿದ ನಾನು ಹೆಂಡತಿಯೇ ಕೊಲೆಗಾರ್ತಿ ಎಂದು ಆಗಲೇ ತೀರ್ಮಾನಿಸಿದ್ದೆ. ಈಚಿನ ಇಂಥ ಚಿತ್ರಗಳಲ್ಲೆಲ್ಲ ಹಾಗೇ ಇರುತ್ತದೆ ಎಂದೆ.

"ನೀವು ಬರೇ ಮಾತು ಕೇಳತೀರಿ. ನಾ ಕೈ ನೋಡತೇನ್ರಿ," ಎನ್ನುತ್ತ ಅವರು ಬಂದು ನನ್ನ ಪಕ್ಕದಲ್ಲೇ ಕುಳಿತರು.

ಚಿತ್ರದ ಕೊನೆಗೆ ಗೊತ್ತಾಯಿತು, ಕೊಂದವನು ಸತ್ತವನ ತಮ್ಮ. ಅವರು ಗೆದ್ದಿದ್ದರು. ಚಹಾಕ್ಕೆ ಕರೆದರೆ ಬಸ್ಸು ತಪ್ಪುತ್ತದೆಂದು ಅವಸರದಲ್ಲಿ ಇಳಿದುಹೋದರು. ನಾನು ಅವರ ಹೆಸರನ್ನೂ ಕೇಳಲಿಲ್ಲ.

ಜೊತೆಗೆ ಸಿನಿಮಾ ನೋಡುತ್ತಿದ್ದ ಗೆಳೆಯ ತೀರಿಕೊಂಡ ಮೇಲೆ ನನ್ನ ಅಭಿಪ್ರಾಯವನ್ನು ಒಬ್ಬರು ತಳ್ಳಿಹಾಕಿದ್ದು ಅದೇ ಮೊದಲು. ಆ ಚಿತ್ರ ನಿಜಕ್ಕೂ ಚೆನ್ನಾಗಿತ್ತೋ, ಪಕ್ಕದಲ್ಲಿ ಯಾರೋ ಇದ್ದುದರಿಂದ ಹಾಗೆನ್ನಿಸಿತೋ, ಈಗ ಹೇಳಲಾರೆ. ಮುಂದಿನ ವಾರ ಬಾಲ್ಕನಿ ಪೂರ್ತಿ ಖಾಲಿಯಿತ್ತು. ಆದರೂ ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಕಿ ಕುಳಿತೆ.