ಗುಡ್ಡದ ತಿರುವಿನ ಬೋರ್ಡು

ನಮ್ಮವರು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಗುಡ್ಡದ ಕಡೆ ಹೊರಟರೆಂದರೆ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಳಗೆ ಚಹಾಕ್ಕಿಟ್ಟ ಹಾಲು ಉಕ್ಕುತ್ತಿತ್ತು, ನಾನು ಗೇಟಿನಲ್ಲಿರುತ್ತಿದ್ದೆ. ಬಂದು ಒಲೆ ಒರೆಸಿದ್ದೇ ತಡ, ಮತ್ತೆ ಗೇಟಿಗೆ. ಎದುರು ಮನೆಯವಳು ಅಂಗಳ ಗುಡಿಸುತ್ತ, "ಏನ್ರಿ ಅಕ್ಕಾರ, ಹೊಸದಾಗಿ ಮದುವ್ಯಾದವ್ರಂಗ ಗಂಡನ ದಾರಿ ಕಾಯಾಕತ್ತೀರಿ?" ಎಂದು ಕಾಡುತ್ತಿದ್ದಳು. ಅವಳಿಗೇನು ಗೊತ್ತು ನನ್ನ ಸಂಕಟ.

ಇವರಿಗೆ ಕಿವಿ ಕೇಳುವುದಿಲ್ಲ. ನಮ್ಮ ಕಡೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ತಗಡು ಬಡಿಯುವ ಯಂತ್ರದ ಪಕ್ಕ ನಿಂತು ನಿಂತು, ನಿವೃತ್ತಿಯ ಹೊತ್ತಿಗೆ ಎರಡೂ ಕಿವಿ ಹೋಗಿದ್ದವು. ಮನೆಯಲ್ಲಿ ನಾವೆಲ್ಲ ಒದರಿಯೇ ಮಾತಾಡುವುದು. ಉಪ್ಪು ಬೇಕೇ ಎಂದು ಕೇಳಿದರೂ ಓಣಿಗೆಲ್ಲ ಗೊತ್ತಾಗಬೇಕು. ಹಗಲೆಲ್ಲ ಒದರಿಸಿಕೊಂಡು ಅವರ ಮುಖ ಸಣ್ಣದಾಗಿಬಿಡುತ್ತಿತ್ತು. ಉಣಕಲ್‌ನ ನಮ್ಮ ಮನೆಯ ಹಿಂದಿನ ಆ ಗುಡ್ಡವೊಂದೇ ಅವರಿಗೆ ಬಿಡುಗಡೆ. ಅಲ್ಲಿ ಯಾರೂ ಅವರನ್ನು ಕೂಗಿ ಮಾತಾಡಿಸುವವರಿಲ್ಲ. "ನಾನೂ ಬರ್ತೇನ್ರಿ" ಎಂದರೆ ಕೈ ಬೀಸಿ ಬೇಡವೆನ್ನುತ್ತಿದ್ದರು. ನಡಿಗೆ ತಪ್ಪಿದ ದಿನ ಊಟವನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಆ ಕಾಲುದಾರಿಗೆ ಗೇರ್ ಸೈಕಲ್ಲಿನವರು ಬಂದರು. ದಪ್ಪ ಟೈರು, ತಲೆಗೆ ಹೆಲ್ಮೆಟ್ಟು. ಮೇಲಿನಿಂದ ಕಲ್ಲು ಸಿಡಿಸಿಕೊಂಡು ಇಳಿಯುವುದೇ ಅವರ ಆಟ. ದಾರಿ ಮಾತ್ರ ಒಂದೇ. ನಡೆಯುವವರಿಗೂ ಅದೇ, ಎಮ್ಮೆಗಳಿಗೂ ಅದೇ, ಈ ಸೈಕಲ್ಲಿನವರಿಗೂ ಅದೇ. ನಡುವೆ ಒಂದು ತಿರುವು, ಅಲ್ಲಿ ಜಾಲಿ ಕಂಟಿ ಬೆಳೆದು ಆಚೆ ಯಾರಿದ್ದಾರೆಂದು ಈಚೆಯವರಿಗೆ ಕಾಣುವುದಿಲ್ಲ. ಒಂದು ದಿನ ಇವರು ಅಂಗಿಯ ತೋಳು ಹರಿದುಕೊಂಡು ಬಂದರು. ಏನಾಯಿತೆಂದರೆ, "ಗಾಳಿ ಬೀಸಿಧಂಗ ಆತು. ನೋಡೂದ್ರಾಗ ಸೈಕಲ್ಲು ಮುಂದ ಹೋಗಿತ್ತು" ಎಂದರು. ಹೇಳಿ ಚಹಾ ಕೇಳಿದರು!

ನನ್ನ ಪಿತ್ತ ನೆತ್ತಿಗೇರಿತು. ಮರುದಿನ ಸೆರಗು ಸಿಕ್ಕಿಸಿಕೊಂಡು ಗುಡ್ಡದ ಬುಡದಲ್ಲಿ ನಿಂತೆ. ಇಳಿದು ಬಂದ ಗುಂಪಿಗೆ ಹಿರಿಯರೆಂದರೆ ಕೇಶ್ವಾಪುರದ ಒಬ್ಬ ಹತ್ತಿ ವ್ಯಾಪಾರಿ. ಹಣೆಯ ಮೇಲೆ ವಿಭೂತಿ, ಕಾಲಿಗೆ ಬಿಗಿ ಚಡ್ಡಿ.

"ದಾರಿ ನಿಮ್ಮಪ್ಪಂದೇನ್ರಿ? ಮನಶಾರು ಕಾಣಂಗಿಲ್ಲೇನು ಕಣ್ಣಿಗೆ?" ಎಂದೆ.

"ಗಂಟಿ ಬಾರಸ್ತೇವ್ರಿ ಅಕ್ಕಾರ..."

"ಕಿವಿ ಕೇಳದವ್ರ ಮುಂದ ಗಂಟಿ ಬಾರಿಸಿ ಏನ್ ಮಾಡ್ತೀರಿ? ಕಣ್ಣು ನಿಮಗ ಅದಾವ, ಬ್ರೇಕು ನಿಮ್ಮ ಕೈಯಾಗ ಐತಿ. ನಿಂದರಬೇಕಾದವ್ರು ನೀವು!"

ವ್ಯಾಪಾರಿ ಸೈಕಲ್ಲಿನಿಂದ ಇಳಿದರು. "ಖರೇ ಐತ್ರಿ" ಎಂದರು. ವಾರದೊಳಗೆ ತಿರುವಿನಲ್ಲಿ ಹಳದಿ ಬೋರ್ಡು ನಿಂತಿತು: "ಮುಂದೆ ತಿರುವು. ಸೈಕಲ್ ನಿಧಾನ. ನಡೆಯುವವರಿಗೆ ಮೊದಲು ದಾರಿ ಬಿಡಿ." ನಾನೇ ಹತ್ತಿ ಹೋಗಿ ನೋಡಿ ಬಂದೆ. ಲಗ್ನಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾದಷ್ಟು ಖುಷಿಯಾಯಿತು. ಆದರೂ ಬೆಳಗಾದರೆ ಕಾಲು ಗೇಟಿನ ಕಡೆಗೇ ಎಳೆಯುತ್ತಿತ್ತು. ಬೋರ್ಡೇನು ಓಡಿ ಬಂದು ಸೈಕಲ್ ಹಿಡಿಯುತ್ತದೆಯೇ? ಕೆಲವರು ನಿಧಾನ ಮಾಡಿದರು, ಕೆಲವರು ಮಾಡಲಿಲ್ಲ. ಎಮ್ಮೆಗಳು ಕಂಬಕ್ಕೆ ಮೈ ತಿಕ್ಕಿ ಅದನ್ನು ವಾರೆ ಮಾಡಿದವು. ಆ ಗುಂಪಿನಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳಿದ್ದಳು. ದೂರದಿಂದ ಇವರು ಕಂಡರೆ ಸಾಕು, ಸೈಕಲ್ ಇಳಿದು ಪಕ್ಕಕ್ಕೆ ನಿಲ್ಲುತ್ತಿದ್ದಳಂತೆ. ಗುಡ್ಡದಿಂದ ಬಂದು ಇವರು ಹೆಸರು ಗೊತ್ತಿಲ್ಲದೆಯೂ ಹೊಗಳುತ್ತಿದ್ದುದು ಅವಳೊಬ್ಬಳನ್ನೇ.

ದಸರೆಯಲ್ಲಿ ಆಯುಧ, ವಾಹನಗಳನ್ನು ಪೂಜಿಸುವ ಖಂಡೆ ಪೂಜೆಯ ಸಂಜೆ ಗುಂಪಿನವರೆಲ್ಲ ಸೈಕಲ್ ತೊಳೆದು ತಿರುವಿಗೇ ತಂದರು. ಚಕ್ರದ ಕೆಳಗೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಚೆಂಡುಹೂವು. ಬೋರ್ಡಿನ ಎರಡೂ ಬದಿಗೆ ಬಾಳೆಕಂಬ ಕಟ್ಟಿ, ಅಕ್ಷರಗಳ ಮೇಲೆ ವಿಭೂತಿ ಎಳೆದು, ದಪ್ಪ ಹಾರ ಹಾಕಿದರು. "ಬೋರ್ಡು ನಿಮ್ಮದಾ ರೀ ಅಕ್ಕಾರ, ಆರತಿ ನೀವಾ ಬೆಳಗ್ರಿ" ಎಂದರು ವ್ಯಾಪಾರಿ. ಬೆಳಗಿದೆ. ಆಮೇಲೆ ಅವರು ಕುಂಕುಮ ತುಂಬಿದ ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ, ಎಲ್ಲ ಸೈಕಲ್ಲಿಗೂ ದೃಷ್ಟಿ ಇಳಿಸಿ, ಯಾರಿಗೂ ಪೆಟ್ಟಾಗದಿರಲಿ ಎಂದು ಬೇಡಿಕೊಂಡು ದಾರಿಯ ನಡುವೆ ಒಡೆದರು. ಚಪ್ಪಾಳೆ ಬಿದ್ದವು. ಚುರುಮರಿ ತಿಂದು ಎಲ್ಲರೂ ಇಳಿದೆವು. ದೃಷ್ಟಿ ತೆಗೆದ ಕಾಯಿಯನ್ನು ನಮ್ಮಲ್ಲಿ ಯಾರು ಮುಟ್ಟುತ್ತಾರೆ? ದಾಟುವುದೂ ಇಲ್ಲ, ದೃಷ್ಟಿ ತಗಲೀತೆಂದು ಪಕ್ಕದಿಂದ ಹೋಗುತ್ತಾರೆ. ಆ ತಿರುಳು, ಕುಂಕುಮದ ನೀರು ಅಲ್ಲೇ ಬಿದ್ದಿತ್ತು.

ಮರುದಿನ ಇವರು ಹೊತ್ತಿಗೆ ಸರಿಯಾಗಿ ಮನೆಗೆ ಬಂದರು. "ಇವತ್ತ ಗುಡ್ಡ ಭಾಳ ಶಾಂತ ಇತ್ತು" ಎಂದರು. ಹಬ್ಬದ ದಿನ, ಗಂಡ ಕಣ್ಣ ಮುಂದಿದ್ದಾನೆ, ನಾನೂ ಒಂದು ಗುಟುಕು ಚಹಾ ಕುಡಿಯಲು ಕುಳಿತೆ. ಫೋನು ಬಂತು. ವ್ಯಾಪಾರಿ.

"ಅಕ್ಕಾರ, ಯಜಮಾನ್ರು ಮನಿ ಮುಟ್ಟಿದ್ರೇನ್ರಿ? ಅವರಿಗೇನೂ ಆಗಿಲ್ಲಲ್ಲ?"

ಆಗಿದ್ದು ಆ ಹುಡುಗಿಗೆ. ಕುಂಬಳಕಾಯಿ ದಾಟಬಾರದೆಂದು ಇವರು ಒಣ ಬದಿಗೆ ಸರಿದು ನಡೆದಿದ್ದರು. ಹಿಂದಿನಿಂದ ಅವಳು ನಿಧಾನವಾಗಿಯೇ ಇಳಿದು ಬಂದಳು. ಆದರೆ ಬಾಳೆಕಂಬದ ಮರೆ. ತಿರುವು ದಾಟಿದ ಮೇಲೆಯೇ ಅವಳಿಗೆ ಇವರು ಕಂಡದ್ದು. ಗಂಟೆ ಬಾರಿಸಿದಳು, ಇವರು ಸರಿಯಲಿಲ್ಲ. ಬ್ರೇಕು ಹಿಡಿದಳು, ಚಕ್ರ ಕುಂಬಳದ ತಿರುಳಿನ ಮೇಲೆ ಜಾರಿ ನೇರ ಇವರ ಬೆನ್ನಿಗೇ ಹೊರಟಿತು. ಹ್ಯಾಂಡಲ್ ತಿರುಗಿಸಿ ಜಾಲಿಯ ಕಂಟಿಗೆ, ಕಲ್ಲಿನ ಮೇಲೆ ಬಿದ್ದಳು. ಇವರು ಹಿಂದೆ ತಿರುಗಿಯೂ ನೋಡದೆ ಮನೆಗೆ ಬಂದಿದ್ದರು.

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಇವರಿಗೆ ಒದರಿ ಹೇಳಿದ್ದು ಇಷ್ಟೇ: ಆ ಹುಡುಗಿ ಬಿದ್ದಾಳ, ನಿಮ್ಮನ್ನು ಉಳಸಾಕ ಹೋಗಿ. ವಾರ್ಡಿನಲ್ಲಿ ಅವಳು ಕುತ್ತಿಗೆಯಿಂದ ಹೆಗಲಿಗೆ ಹೋಗುವ ಎಲುಬು ಮುರಿದುಕೊಂಡು, ಕೈಗೆ ಪಟ್ಟಿ ಕಟ್ಟಿಸಿಕೊಂಡು, ಮುಖದ ತುಂಬ ಮುಳ್ಳಿನ ಗೀರು ಹೊತ್ತು ಮಲಗಿದ್ದಳು. ತಾಯಿ ಎದ್ದು ಬಂದಾಗ ಬೈಸಿಕೊಳ್ಳಲು ತಯಾರಾಗಿಯೇ ನಿಂತೆ. ಆಕೆ ನನ್ನ ಕೈ ಹಿಡಿದುಕೊಂಡು, "ನಮ್ಮ ಹುಡಿಗೀಂದ ನಿಮ್ಮವ್ರಿಗೆ ಪೆಟ್ಟಾಗಿಲ್ಲಲ್ರಿ?" ಎಂದರು. ಶಿವನೇ!

ಇವರು ಮಂಚದ ಮೇಲೆ ಬಾಗಿದರು. ಗಂಟೆಯ ಸದ್ದಾದರೂ ತಮಗೆ ಕೇಳುತ್ತದೆಂದೇ ಅವರು ನಂಬಿದ್ದರು. "ಯವ್ವಾ, ಒಂದ್ಸಲ ಗಂಟಿ ಬಾರಿಸಿದ್ರ ನಾ ಸರೀತಿದ್ದೆ ಅಲ್ಲ?"

"ಬಾರಿಸಿದ್ನಿರಿ ಕಾಕಾರ. ಭಾಳ ಬಾರಿಸಿದ್ನಿ. ಒದರಿದ್ನಿ ಸೈತ."

ಇವರು ನಕ್ಕು ತಲೆಯಾಡಿಸಿದರು. ಕೇಳಿಸದಿದ್ದಾಗ ಇವರು ಮಾಡುವುದೇ ಹಾಗೆ. "ಛಲೋ ಆತು, ಲಗೂ ಆರಾಮ ಆಗು" ಎಂದು ಅವಳ ತಲೆ ಸವರಿದರು. ಹುಡುಗಿ ನನ್ನ ಮುಖ ನೋಡಿದಳು.

ಹೇಳಿದರೆ ಈ ಮನುಷ್ಯ ನಾಳೆಯಿಂದ ಗುಡ್ಡ ಬಿಡುತ್ತಾರೆ, ಆ ಒಂದು ಸುಖವೂ ಹೋಗುತ್ತದೆ. ಹೇಳದಿದ್ದರೆ ಮುಂದೆ ಬೀಳುವ ಮಗು ಯಾರ ಮನೆಯದೋ. ಕಡೆಗೆ ಅವರ ಕಿವಿಗೆ ಬಾಯಿ ಹಚ್ಚಿ ಕೂಗಿದೆ: "ಆಕಿ ಗಂಟಿ ಬಾರಿಸ್ಯಾಳ್ರಿ! ನಿಮಗ ಕೇಳಿಸಿಲ್ಲ!"

ವಾರ್ಡಿನಲ್ಲಿದ್ದವರೆಲ್ಲ ನಮ್ಮತ್ತ ತಿರುಗಿದರು. ಇವರ ನಗು ಇಳಿಯಿತು. ಹುಡುಗಿಯ ಕೈಗೆ ಕಟ್ಟಿದ ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿದರು. ನನ್ನ ಕಡೆ ನೋಡದೆ, "ನಾಳಿಂದ ನೀನೂ ಬಾ ಗುಡ್ಡಕ್ಕ" ಎಂದರು. ಆಮೇಲೆ ಮೆಲ್ಲಗೆ ಸೇರಿಸಿದರು, "ಅಲ್ಲಿ ಒದರಬ್ಯಾಡ. ಕೈ ಹಿಡಕೊಂಡು ಜಗ್ಗು, ಸಾಕು."