ಸರ್ದಾರ್‌ಜಿಯ ತುಟಿ

ನಾನು ಹತ್ತಿ ಮಿಲ್ಲಿನ ಗುಮಾಸ್ತನಾಗಿದ್ದಾಗ, ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ನಮ್ಮ ಲಾರಿಗೆ ಒಬ್ಬ ಸರ್ದಾರ್‌ಜಿ ಡ್ರೈವರ್ ಇದ್ದರು. ಗೇರು ಬದಲಿಸುವಾಗಲೂ ಚಹಾ ಆರಿಸುವಾಗಲೂ ಅವರ ತುಟಿಯ ಮೇಲೆ ದೇವರ ಹೆಸರು: ‘ವಾಹೆಗುರು, ವಾಹೆಗುರು.’

ಒಂದು ಮಧ್ಯಾಹ್ನ ನಾನೂ ಅವರ ಪಕ್ಕದಲ್ಲಿ ಕೂತು ಹೊರಟಿದ್ದಾಗ, ಹೊಳೆ ಸೇತುವೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಅವರ ಜಪ ಮಾತ್ರ ಹಾಗೇ ಸಾಗಿತ್ತು.

“ಅದನ್ನ ಬಿಡ್ರಿ, ದಾರಿ ನೋಡ್ರಿ!” ಎಂದು ಕಿರುಚಿದೆ.

ಬಿಟ್ಟರು. ಮರುಕ್ಷಣವೇ ಸ್ಟೇರಿಂಗ್ ಹಿಡಿದ ಆ ದಪ್ಪ ಕೈಗಳು ಗಡಗಡ ನಡುಗತೊಡಗಿದವು.

“ಹೇಳ್ರಿ, ನಿಲ್ಲಿಸಬ್ಯಾಡ್ರಿ!” ಎಂದು ಅಂಗಲಾಚಿದೆ.

ಹೆಸರು ಮತ್ತೆ ತುಟಿಗೆ ಬಂತು, ಕೈ ಬಿಗಿಯಾಯಿತು. ಲಾರಿ ಪಕ್ಕದ ಮರಳಗುಡ್ಡೆಗೆ ನುಗ್ಗಿ ನಿಂತಿತು.

“ನಿಮಗೂ ಭಯ ಆತೇನ್ರಿ?” ಎಂದೆ.

“ಭಾಳ ಆತ್ರಿ. ಭಯ ಬಂದ ಮ್ಯಾಲೆ ಹೆಸರು ಹುಡುಕಾಕ ಆಗಲ್ಲ. ದಿನಾ ಬಾಯಾಗ ಇರ್ಬೇಕು.”

ಇಂದಿಗೂ ಆ ಇಳಿಜಾರಿನಲ್ಲಿ ಬಸ್ಸು ಜೋರಾದರೆ ನನ್ನ ತುಟಿ ಅಲುಗುತ್ತದೆ. ಹೇಳಲು ಬಾಯಲ್ಲಿ ಏನೂ ಇರುವುದಿಲ್ಲ.