ಮಾವ ಇಂಜಿನ್ನಿಗೆ ಹಲ್ಲು ಕಟ್ಟಿದ್ದು

ಹಲ್ಲು ಕಟ್ಟುವ ಕೆಲಸದಲ್ಲೇ ಆಯುಷ್ಯ ಕಳೆದವರು ನಮ್ಮ ಮಾವ. ಈ ಕಡೆಯ ಅರ್ಧ ಮುದುಕರು ಅವರು ಮಾಡಿಕೊಟ್ಟ ಹಲ್ಲಿನಲ್ಲೇ ನಗುತ್ತಾರೆ, ಅದೇ ಹಲ್ಲು ಕಡಿದು ಅವರನ್ನೇ ಬೈಯುತ್ತಾರೆ. ಅಂಗಡಿ ಮುಚ್ಚಿದ ಮೇಲೆ ಬಾಯಿಗಳ ಬರ ಬಂದು, ಅವರ ಕಣ್ಣು ಮನೆಯ ಹಳೇ ಡೀಸೆಲ್ ಕಾರಿನ ಮೇಲೆ ಬಿತ್ತು.

ಬಾಣಂತನದ ರಜೆ ಮುಗಿದು ಸೋಮವಾರ ನಾನು ಕೆಲಸಕ್ಕೆ ಮರಳಬೇಕಿತ್ತು. ಮಗುವನ್ನು ಶಿಶುವಿಹಾರದಲ್ಲಿ ಬಿಟ್ಟು ಕೆಲಸಕ್ಕೆ ಹೋಗಲು ಆ ಕಾರೊಂದೇ ಗತಿ. ಇನ್ನೊಂದು ದಿನ ತಪ್ಪಿಸಿದರೂ ನನ್ನ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮ್ಯಾನೇಜರ್ ಬಹಳ ನಯವಾಗಿ ತಿಳಿಸಿದ್ದರು. ಇಂಥ ಶುಭ ಗಳಿಗೆ ನೋಡಿಯೇ ಮಾವ ಶನಿವಾರ ಬಾನೆಟ್ ಎತ್ತಿದರು.

“ಟೈಮಿಂಗ್ ಬೆಲ್ಟು ಮುದಿಯಾಗಿದೆ. ಮಗು ಕೂರೋ ಗಾಡಿ, ನಡುರಸ್ತೇಲಿ ಹರಿದ್ರೆ?”

“ಗ್ಯಾರೇಜಿಗೆ ಕೊಡೋಣ ಮಾವ.”

“ಅವರೇನು ನಮ್ಮ ಮಗೂನ ನೋಡಿದಾರಾ?”

ನಾನು ಬಾಯಿ ತೆರೆಯುವ ಮೊದಲೇ ಸ್ಪ್ಯಾನರ್ ಅವರ ಕೈಯಲ್ಲಿತ್ತು.

ಈ ಬೆಲ್ಟು ಇಂಜಿನ್ನಿನೊಳಗಿನ ಹಲ್ಲಿನ ಗಾಲಿಗಳನ್ನೆಲ್ಲ ಒಂದೇ ಲಯದಲ್ಲಿ ತಿರುಗಿಸುವ ಹಲ್ಲುಹಲ್ಲಿನ ಪಟ್ಟಿ. ಒಂದು ಹಲ್ಲು ಆಚೀಚೆ ಕೂತರೂ ಸಾಕು, ಇಂಜಿನ್ ಒಳಗೊಳಗೇ ಬಡಿದಾಡಿಕೊಂಡು ಪ್ರಾಣ ಬಿಡುತ್ತದೆ. ಆದ್ದರಿಂದ ಬೆಲ್ಟು ಬಿಚ್ಚುವಾಗ ಗಾಲಿಗಳು ಕದಲದಂತೆ ಹಿಡಿಯಲು ಬೇರೆಯೇ ಸಲಕರಣೆ ಬೇಕು. ನಮ್ಮಲ್ಲಿ ಅದಿರಲಿಲ್ಲ. ಕೆಳಗಿನ ಗಾಲಿಯ ತೂತಿಗೆ ಮಾವ ಡ್ರಿಲ್ಲಿನ ಕಡ್ಡಿ ತುರುಕಿದರು. ಮೇಲಿನ ಜೋಡಿ ಗಾಲಿಗಳ ನಡುವಿನ ಸಂದಿಗೆ ದವಡೆಯ ಅಳತೆ ತೆಗೆಯುವ ಮೇಣ ಒತ್ತಿ, ಅಚ್ಚು ತೆಗೆದು, ಹಲ್ಲಿನ ಸೆಟ್ಟು ಮಾಡುವ ಪ್ಲಾಸ್ಟಿಕ್ಕಿನಲ್ಲಿ ಒಸಡಿನ ಬಣ್ಣದ ಬೆಣೆಯೊಂದನ್ನು ಎರಕ ಹೊಯ್ದರು. ಬಿಗಿ ಬೋಲ್ಟು ಬಿಚ್ಚುವಾಗ ಬ್ರೇಕು ತುಳಿದು ಕೂರುವ ಕೆಲಸ ನನ್ನ ಗಂಡನಿಗೆ ಸಿಕ್ಕಿತು. ಈ ಮನೆಯಲ್ಲಿ ಅವರಿಗೆ ಇದುವರೆಗೆ ಸಿಕ್ಕಿರುವ ಅತ್ಯುನ್ನತ ಹುದ್ದೆ ಅದು.

“ಜನರ ಬಾಯಿ ಮುಗೀತು, ಈಗ ಗಾಡಿ ಬಾಯಿ” ಎಂದರು ಅತ್ತೆ. ಅವರ ಒಳ್ಳೇ ಪಾತ್ರೆಯಲ್ಲಿ, ಗಟ್ಟಿಯಾಗಲೆಂದು, ಬೆಣೆ ಕುದಿಯುತ್ತಿತ್ತು.

ಸಂಜೆ ಮಗುವಿನ ಪಕ್ಕ ಕೂತು ಮಾವ ಆ ಬೆಣೆಯನ್ನು ಫಳಫಳ ಹೊಳೆಯುವ ತನಕ ಉಜ್ಜಿದರು.

“ಇಂಜಿನ್ನಿಗೆ ನೋಯಬಾರದಲ್ವಾ ಮಾವ?” ಎಂದು ಚುಚ್ಚಿದೆ.

“ಹೂಂ ಮತ್ತೆ” ಎಂದರು. ಪಾಪ, ನಿಜಕ್ಕೂ ಹಾಗೇ ಅಂದುಕೊಂಡಿದ್ದರು.

ಭಾನುವಾರ ಹೊಸ ಬೆಲ್ಟು ಏರಿತು. ಕಡ್ಡಿ, ಬೆಣೆ ಎರಡನ್ನೂ ತೆಗೆದು, ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಿದರು. ಒಂದು ಸುತ್ತು ಮುಗಿಯುವ ಮೊದಲೇ ಟಕ್ ಎಂದು ನಿಂತಿತು.

“ಇನ್ನೊಂಚೂರು ಬಲ ಹಾಕಿ ಅಪ್ಪ” ಎಂದರು ನಮ್ಮವರು.

“ಮುಟ್ಟಿದ್ರೆ ನೋಡು!”

ಮಾವ ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಬೆಣೆಯನ್ನು ಮತ್ತೆ ಇಟ್ಟರು. ಅದು ಸಂದಿಯಲ್ಲಿ ಲೊಡಲೊಡ ಅಂದಿತು. ಬಿಗಿಹಿಡಿಯಬೇಕಾದದ್ದು ನುಣುಪಾಗಿ ಸವೆದು, ಮೇಲಿನ ಒಂದು ಗಾಲಿ ಒಂದು ಹಲ್ಲಿನಷ್ಟು ಜಾರಿಬಿಟ್ಟಿತ್ತು.

“ಉಜ್ಜಿಬಿಟ್ಟೆನಮ್ಮಾ” ಎಂದರು ಸಣ್ಣ ದನಿಯಲ್ಲಿ. “ಒಸಡಿಗೆ ಚುಚ್ಚಬಾರದು ಅಂತ ಕೈ ತಾನಾಗೇ ಉಜ್ಜಿಬಿಡ್ತು.”

ನಾಲಿಗೆಯ ತುದಿಗೆ ಬಂದದ್ದು ಬಹಳ ಇತ್ತು. ಅವರ ಮುಖ ನೋಡಿ ಅಷ್ಟನ್ನೂ ನುಂಗಿದೆ.

“ಅಚ್ಚು ಇದೆಯಲ್ಲ, ಇನ್ನೊಂದು ಹೊಯ್ಯಿರಿ. ಉಜ್ಜೋ ಕಾಗದ ಮಾತ್ರ ನನ್ನ ಹತ್ರ ಇರಲಿ.”

ಎರಡನೆಯ ಬೆಣೆ ನಾಯಿ ಕಚ್ಚಿ ಬಿಟ್ಟ ಚಪ್ಪಲಿಯಂತಿತ್ತು, ಆದರೆ ಹಿಡಿದರೆ ಬಿಡಲಿಲ್ಲ. ಬೆಲ್ಟು ಸರಿಯಾಗಿ ಕೂತಿತು. ಎರಡು ಸುತ್ತು ಸಲೀಸಾಗಿ ತಿರುಗಿತು. ಕೀಲಿ ತಿರುಗಿಸಿದರೆ ಗಾಡಿ ಏನೂ ಆಗದವರ ಹಾಗೆ ಗುರ್ ಎಂದಿತು.

ಸೋಮವಾರ ನನಗಿಂತ ಮೊದಲು ಮಾವ ಹಿಂದಿನ ಸೀಟಿನಲ್ಲಿ ಹಾಜರು: “ಸದ್ದು ಕೇಳ್ಬೇಕು.” ಮಗುವನ್ನು ಬಿಟ್ಟ ಮೇಲೂ ಇಳಿಯಲಿಲ್ಲ. ರಜೆ ಮುಗಿಸಿ ಕೆಲಸಕ್ಕೆ ಮರಳುವ ದಿನ ಮಾವನನ್ನು ಕರೆದುಕೊಂಡು ಹೋದ ಏಕೈಕ ಸೊಸೆ ನಾನೇ ಇರಬೇಕು.

ಮ್ಯಾನೇಜರ್ ಬಾಗಿಲಲ್ಲೇ ಗಡಿಯಾರ ನೋಡುತ್ತ ನಿಂತಿದ್ದರು. ಹಿರಿಯರು, ನಿವೃತ್ತಿಗೆ ಹತ್ತಿರವಾದವರು.

“ನೋಡಿ, ಇನ್ಮೇಲಾದ್ರೂ...” ಎಂದು ಶುರುಮಾಡಿದರು.

ಕಾರಿನ ಕಿಟಕಿಯಿಂದ ಮಾವ ಅವರ ಬಾಯನ್ನೇ ದಿಟ್ಟಿಸುತ್ತಿದ್ದರು.

“ಸ್ವಾಮೀ, ನಿಮ್ಮ ಕೆಳಗಿನ ಹಲ್ಲಿನ ಸೆಟ್ಟು ಸಡಿಲ ಆಗಿದೆ. ಮಾತಾಡಿದ್ರೆ ಅಲ್ಲಾಡ್ತಿದೆ.”

ಮ್ಯಾನೇಜರ್ ತಟ್ಟನೆ ಬಾಯಿ ಮುಚ್ಚಿಕೊಂಡರು. ಅದು ಮತ್ತೆ ತೆರೆಯುವುದರೊಳಗೆ ನಾನು ಹೋಗಿ ನನ್ನ ಕುರ್ಚಿಯಲ್ಲಿ ಕೂತಿದ್ದೆ.